ಅರಗು, ಮುದ್ರೆ ಮತ್ತು ಎಂಟು ವರ್ಷದ ಅರಸ: ಟಾಮೆನ್ ಬರೇಥಿಯನ್ ಪಾತ್ರದ ಒಂದು ಓದು

(ಗಡಿನಾಡಿನ ಕನ್ನಡ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

 

ನನ್ನ ವಿಷಯ ಕೇಳಿ ಕೆಲವರಿಗೆ ಆಶ್ಚರ್ಯ ಆಗಿರಬಹುದು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಕಾದಂಬರಿ ಸರಣಿಯಲ್ಲಿ ಸಾವಿರಕ್ಕೂ ಮಿಕ್ಕಿ ಪಾತ್ರಗಳಿವೆ. ಡ್ರ್ಯಾಗನ್ ಸಾಕಿದ ರಾಣಿ ಇದ್ದಾಳೆ, ಸತ್ತು ಎದ್ದವರಿದ್ದಾರೆ, ಗೋಡೆಯ ಮೇಲೆ ಕಾವಲು ಕಾಯುವ ಜಾನ್ ಸ್ನೋ ಇದ್ದಾನೆ. ಅವರನ್ನೆಲ್ಲ ಬಿಟ್ಟು, ಬೆಕ್ಕಿನ ಮರಿಗಳ ಜೊತೆ ಆಡಿಕೊಂಡಿರುವ ಎಂಟು ವರ್ಷದ ಹುಡುಗನ ಬಗ್ಗೆ ಯಾಕೆ ಮಾತಾಡಬೇಕು? ನಾನು ಮೊದಲ ಸಲ ಓದಿದಾಗ ಟಾಮೆನ್ ಬರುವ ಪುಟಗಳನ್ನು ಸರಸರ ದಾಟಿಸಿಬಿಟ್ಟಿದ್ದೆ. ಎರಡನೆಯ ಓದಿನಲ್ಲಿ ಒಂದು ಪುಟಕ್ಕೆ ಬಂದು ನಿಂತುಬಿಟ್ಟೆ. ಆ ಪುಟದಿಂದಲೇ ಶುರು ಮಾಡುತ್ತೇನೆ.

ಅರಗಿನ ಮೇಲಿನ ಮುದ್ರೆ

ಮೂರನೆಯ ಪುಸ್ತಕ 'ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್' 2000ದಲ್ಲಿ ಬಂತು. ಅದರ ಕೊನೆಯ ಭಾಗದಲ್ಲಿ ಅರಸ ಜಾಫ್ರಿ ತನ್ನ ಮದುವೆಯ ಊಟದಲ್ಲೇ ವಿಷದಿಂದ ಸಾಯುತ್ತಾನೆ. ಅವನ ತಮ್ಮ ಟಾಮೆನ್ ಪಟ್ಟಕ್ಕೆ ಬರುತ್ತಾನೆ. ಅದಾದ ಮೇಲೆ ಒಂದು ಅಧ್ಯಾಯದಲ್ಲಿ ಜೇಮಿ ಲ್ಯಾನಿಸ್ಟರ್ ಅರಮನೆಗೆ ಬಂದಾಗ ಹುಡುಗ ಮೇಜಿನ ಮುಂದೆ ಕೂತಿದ್ದಾನೆ. ಪಕ್ಕದಲ್ಲಿ ಅಜ್ಜ ಟೈವಿನ್‌ನ ತಮ್ಮ ಕೆವನ್ ಒಂದೊಂದೇ ಕಾಗದ ಮುಂದಿಡುತ್ತಿದ್ದಾನೆ. ಟಾಮೆನ್ ಸಹಿ ಹಾಕುತ್ತಾನೆ, ಬಿಸಿ ಅರಗಿನ ಮೇಲೆ ರಾಜಮುದ್ರೆ ಒತ್ತುತ್ತಾನೆ. ಆ ಕೆಲಸ ಅವನಿಗೆ ಖುಷಿ. ಅರಗು ಮೆತ್ತಗೆ ಇರುತ್ತದೆ, ಒತ್ತಿದರೆ ಚಿತ್ರ ಮೂಡುತ್ತದೆ. ಯಾವ ಮಗುವಿಗೆ ತಾನೆ ಖುಷಿ ಆಗಲಿಕ್ಕಿಲ್ಲ?

ಈಗ ಆ ಕಾಗದಗಳಲ್ಲಿ ಏನಿತ್ತು ನೋಡಿ. ಒಂದರಲ್ಲಿ ಟಲಿ ಮನೆತನದವರ ಆಸ್ತಿ, ಬಿರುದು ಎಲ್ಲ ಮುಟ್ಟುಗೋಲು. ಇನ್ನೊಂದರಲ್ಲಿ ಅವರ ಪೂರ್ವಿಕರ ಕೋಟೆ ರಿವರ್‌ರನ್ ಎಮ್ಮನ್ ಫ್ರೇಗೆ ದಾನ. ಮತ್ತೊಂದರಲ್ಲಿ ರೂಸ್ ಬೋಲ್ಟನ್‌ನ ವಿವಾಹಬಾಹಿರ ಮಗ ರಾಮ್ಸಿಯನ್ನು ಸಕ್ರಮ ಮಗನೆಂದು ಒಪ್ಪಿಕೊಂಡ ಆಜ್ಞೆ. ಈ ರಾಮ್ಸಿ ಎಂಥವನು ಅಂತ ಸರಣಿ ಓದಿದವರಿಗೆ ಹೇಳಬೇಕಾಗಿಲ್ಲ. ಐದನೆಯ ಪುಸ್ತಕದಲ್ಲಿ ಅವನು ಬೋಲ್ಟನ್ ಎಂಬ ಹೆಸರಿನಿಂದಲೇ ಮದುವೆಯಾಗುತ್ತಾನೆ. ಆರ್ಯಾ ಸ್ಟಾರ್ಕ್ ಎಂದು ಸುಳ್ಳು ಹೇಳಿ ತಂದ ಒಬ್ಬ ಹುಡುಗಿಯನ್ನು ಕಟ್ಟಿಕೊಂಡು, ಆ ಮದುವೆಯ ಬಲದಿಂದಲೇ ವಿಂಟರ್‌ಫೆಲ್‌ನ ಹಕ್ಕು ಹೇಳುತ್ತಾನೆ. ಆ ಹುಡುಗಿ ಅನುಭವಿಸಿದ್ದನ್ನು ಓದುವುದೇ ಕಷ್ಟ. ಅದೆಲ್ಲದರ ಬುಡದಲ್ಲಿ ಇರುವುದು ಈ ಮಗು ಖುಷಿಯಿಂದ ಒತ್ತಿದ ಮುದ್ರೆ.

ಮಾರ್ಟಿನ್ ಇಲ್ಲಿ ಏನನ್ನೂ ವಿವರಿಸುವುದಿಲ್ಲ. ಪಾಪ ಹುಡುಗ ಅಂತಲೂ ಅನ್ನುವುದಿಲ್ಲ. ಕಾಗದ, ಅರಗು, ಮುದ್ರೆ, ಮುಂದಿನ ಕಾಗದ. ಅಷ್ಟೇ. ನನ್ನ ಪ್ರಕಾರ ಇಡೀ ಸರಣಿಯಲ್ಲಿ ಅಧಿಕಾರ ಅಂದ್ರೆ ಏನು ಎಂಬುದಕ್ಕೆ ಇದಕ್ಕಿಂತ ನೇರವಾದ ಚಿತ್ರ ಇನ್ನೊಂದಿಲ್ಲ. ನನ್ನ ಮಾತಿನ ಉಳಿದ ಭಾಗವೆಲ್ಲ ಈ ಚಿತ್ರದ ವಿಸ್ತರಣೆ ಅಂದುಕೊಳ್ಳಿ.

ಕಥೆಯ ಹಿನ್ನೆಲೆ ಚುಟುಕಾಗಿ

ಸರಣಿ ಓದದೆ ಇರುವವರಿಗಾಗಿ ಎರಡು ಮಾತು. ಈವರೆಗೆ ಐದು ಪುಸ್ತಕಗಳು ಬಂದಿವೆ. ಮೊದಲನೆಯದು 1996ರಲ್ಲಿ, ಐದನೆಯದು 2011ರಲ್ಲಿ. ವೆಸ್ಟರೋಸ್ ಎಂಬ ಕಲ್ಪಿತ ಖಂಡದ ಏಳು ರಾಜ್ಯಗಳ ಅರಸ ರಾಬರ್ಟ್ ಬರೇಥಿಯನ್. ಅವನ ರಾಣಿ ಸರ್ಸಿ ಲ್ಯಾನಿಸ್ಟರ್. ಜಾಫ್ರಿ, ಮಿರ್ಸೆಲಾ, ಟಾಮೆನ್ ಅವರ ಮೂವರು ಮಕ್ಕಳು ಅಂತ ಲೋಕ ತಿಳಿದಿದೆ. ನಿಜದಲ್ಲಿ ಮೂವರೂ ಸರ್ಸಿ ಮತ್ತು ಅವಳ ಅವಳಿ ಸಹೋದರ ಜೇಮಿಯ ಮಕ್ಕಳು. ರಾಬರ್ಟ್ ಸತ್ತ ಮೇಲೆ ಅವನ ತಮ್ಮ ಸ್ಟಾನಿಸ್ ಈ ಗುಟ್ಟನ್ನು ಪತ್ರ ಬರೆದು ಊರೂರಿಗೆ ಹಂಚುತ್ತಾನೆ. ಅಂದ್ರೆ ಟಾಮೆನ್ ಪಟ್ಟಕ್ಕೆ ಬರುವಾಗಲೇ ಅವನ ಹಕ್ಕು ಸುಳ್ಳು ಎಂಬ ಮಾತು ಸಂತೆಯಲ್ಲಿತ್ತು. ಹುಡುಗನಿಗೆ ಮಾತ್ರ ತಾನು ಯಾರ ಮಗ ಎಂಬುದು ಗೊತ್ತಿಲ್ಲ.

ಟಾಮೆನ್ ಮೊದಲು ಕಾಣಿಸಿಕೊಳ್ಳುವುದು ವಿಂಟರ್‌ಫೆಲ್‌ನ ಅಂಗಳದಲ್ಲಿ, ಏಳು ವರ್ಷದವನಾಗಿ. ಮೈತುಂಬ ಮೆತ್ತೆ ಕಟ್ಟಿಸಿಕೊಂಡು, ಬ್ರಾನ್ ಸ್ಟಾರ್ಕ್ ಜೊತೆ ಮರದ ಕತ್ತಿಯಲ್ಲಿ ಹೊಡೆದಾಡಿ ದೊಪ್ಪನೆ ಬೀಳುತ್ತಾನೆ. ಎರಡನೆಯ ಪುಸ್ತಕದಲ್ಲಿ ಅಣ್ಣನ ಹುಟ್ಟುಹಬ್ಬದ ದಿನ ಕುದುರೆಯೇರಿ ಹುಲ್ಲಿನ ಬೊಂಬೆಗೆ ಈಟಿ ಗುರಿಯಿಡುತ್ತಾನೆ. ತಿರುಗುವ ಬೊಂಬೆಯ ಪೆಟ್ಟಿಗೆ ಮತ್ತೆ ಬೀಳುತ್ತಾನೆ. ಎಲ್ಲರಿಗಿಂತ ಜೋರಾಗಿ ನಗುವುದು ಅಣ್ಣ. ದಪ್ಪಗಿನ, ಮೆದು ಮನಸ್ಸಿನ, ಬೇಗ ಅಳುವ ಹುಡುಗ. ಆದರೆ ಬಿದ್ದಲ್ಲಿಂದ ಎದ್ದು ಇನ್ನೊಮ್ಮೆ ಪ್ರಯತ್ನ ಮಾಡುವ ಹುಡುಗ ಕೂಡ. ಈ ಎರಡನೆಯ ಗುಣವನ್ನು ನಾವು ಮರೆತುಬಿಡುತ್ತೇವೆ.

ಅರ್ಥ ಹೇಳದ ಬಾಲಕ

ಇಲ್ಲಿ ಸ್ವಲ್ಪ ನಮ್ಮ ಕಡೆಯ ಮಾತು ತರುತ್ತೇನೆ. ಕಾಸರಗೋಡು, ಕುಂಬಳೆ ಕಡೆಯವರಿಗೆ ತೆಂಕುತಿಟ್ಟು ಯಕ್ಷಗಾನ ಹೊಸತಲ್ಲ. ಅಲ್ಲಿ ಪುಂಡುವೇಷ ಅಂತ ಒಂದು ವರ್ಗ ಇದೆ. ಅಭಿಮನ್ಯು, ಬಭ್ರುವಾಹನ ಮುಂತಾದ ಹರೆಯದ ವೀರರು. ರಂಗಕ್ಕೆ ಬಂದರೆ ಧೀಂಗಿಣ, ಬಾಯಿ ತೆರೆದರೆ ದೊಡ್ಡವರ ಬಾಯಿ ಮುಚ್ಚಿಸುವ ಅರ್ಥಗಾರಿಕೆ. ನಮ್ಮ ಪರಂಪರೆಯ ರಾಜಬಾಲಕರಿಗೆ ಮಾತು ಇದೆ. ಲವಕುಶರು ರಾಮನಿಗೇ ಉತ್ತರ ಕೊಡುತ್ತಾರೆ. ಅಂಥ ಬಾಲಕರನ್ನು ನೋಡಿ ಬೆಳೆದ ಕಣ್ಣಿಗೆ ಟಾಮೆನ್ ಸಪ್ಪೆಯಾಗಿ ಕಂಡರೆ ತಪ್ಪಿಲ್ಲ. ತಾಳಮದ್ದಳೆಯಲ್ಲಿ ಟಾಮೆನ್ ಪಾತ್ರ ಕೊಟ್ಟರೆ ಕಲಾವಿದರು ಏನು ಅರ್ಥ ಹೇಳಬೇಕು? ಅವನಿಗೆ ಅರ್ಥವೇ ಇಲ್ಲ.

ಇದು ಬರಹಗಾರರ ಮರೆವಲ್ಲ, ಆಯ್ಕೆ. ಈ ಸರಣಿಯ ಕಟ್ಟಡ ನಿಮಗೆ ಗೊತ್ತು. ಪ್ರತಿ ಅಧ್ಯಾಯವೂ ಒಂದೊಂದು ಪಾತ್ರದ ಕಣ್ಣಿನಿಂದ ನಡೆಯುತ್ತದೆ. ಬ್ರಾನ್‌ಗೆ ಅಧ್ಯಾಯಗಳಿವೆ, ಆರ್ಯಾಗೆ ಇವೆ. ಇಬ್ಬರೂ ಮಕ್ಕಳೇ. ಟಾಮೆನ್‌ಗೆ ಒಂದೇ ಒಂದು ಅಧ್ಯಾಯವೂ ಇಲ್ಲ. ಅವನನ್ನು ನಾವು ಸರ್ಸಿಯ ಕಣ್ಣಿನಿಂದ, ಜೇಮಿಯ ಕಣ್ಣಿನಿಂದ, ಟಿರಿಯನ್ ಮತ್ತು ಕೆವನ್ ಕಣ್ಣಿನಿಂದ ನೋಡುತ್ತೇವೆ. ಅರಸನ ಹೆಸರಿನಲ್ಲಿ ಎಲ್ಲರೂ ಮಾತಾಡುತ್ತಾರೆ, ಅರಸನ ಒಳಗಿಂದ ಯಾರೂ ಮಾತಾಡುವುದಿಲ್ಲ. ಕಥನದ ರೂಪವೇ ಇಲ್ಲಿ ರಾಜಕೀಯ ಸ್ಥಿತಿಯ ರೂಪವಾಗಿದೆ.

ಹಾಗಾದರೆ ಅವನ ಒಳಗನ್ನು ತಿಳಿಯುವುದು ಹೇಗೆ? ಸಂದಿಯಲ್ಲಿ ಇಣುಕಿ ನೋಡಬೇಕು. ನಾಲ್ಕನೆಯ ಪುಸ್ತಕ 'ಎ ಫೀಸ್ಟ್ ಫಾರ್ ಕ್ರೋಸ್' 2005ರದ್ದು. ಅದರಲ್ಲಿ ಟೈವಿನ್‌ನ ಶವದರ್ಶನದ ಪ್ರಸಂಗವಿದೆ. ಹೆಣ ಕೊಳೆತು ನಾರುತ್ತಿದೆ. ಹುಡುಗನಿಗೆ ಹೊಟ್ಟೆ ತೊಳಸಿ ಹೊರಗೆ ಓಡುತ್ತಾನೆ. ಹಿಂದೆಯೇ ಬಂದ ಜೇಮಿ ಅವನಿಗೊಂದು ಉಪಾಯ ಹೇಳಿಕೊಡುತ್ತಾನೆ: ಸಹಿಸಲಾಗದ್ದು ಎದುರಿಗಿದ್ದಾಗ ಕಣ್ಣು ತೆರೆದೇ ಮನಸ್ಸಿನೊಳಗೆ ದೂರ ಹೋಗಿಬಿಡು. ಅದಕ್ಕೆ ಹುಡುಗ ಹೇಳುವ ಮಾತಿನ ಸಾರಾಂಶ ಇಷ್ಟು: ಅಣ್ಣ ಇದ್ದಾಗ ನಾನು ಹಾಗೇ ಮಾಡುತ್ತಿದ್ದೆ. ವಾಕ್ಯ ಪೂರ್ತಿಯಾಗುವ ಮೊದಲೇ ಸರ್ಸಿ ಬರುತ್ತಾಳೆ, ಮಾತು ಅಲ್ಲಿಗೆ ತುಂಡಾಗುತ್ತದೆ.

ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಜಾಫ್ರಿಯ ಕ್ರೌರ್ಯವನ್ನು ನಾವು ಊರವರ ಮೇಲೆ, ಸಾನ್ಸಾಳ ಮೇಲೆ ನೋಡಿದ್ದೇವೆ. ಮನೆಯೊಳಗೆ ತಮ್ಮನ ಮೇಲೆ ಏನೇನು ನಡೆದಿತ್ತು ಎಂಬುದು ಆ ಅರ್ಧ ವಾಕ್ಯದಲ್ಲಿ ಮಾತ್ರ ಇದೆ. ನೈಟ್ ಪದವಿಯ, ಮೂವತ್ತು ದಾಟಿದ ಜೇಮಿ ಯುದ್ಧ ಮತ್ತು ರಾಜಹತ್ಯೆಯ ನಡುವೆ ಕಲಿತ ಪಾಠವನ್ನು ಈ ಮಗು ಯಾರೂ ಹೇಳಿಕೊಡದೆ ಆಗಲೇ ಕಲಿತಿತ್ತು. ಅವನು ಸಪ್ಪೆ ಅಂತ ನಾವು ಯಾವುದನ್ನು ಅನ್ನುತ್ತೇವೋ ಅದು ಸ್ವಭಾವ ಅಲ್ಲದೆಯೂ ಇರಬಹುದು. ಬದುಕಿ ಉಳಿಯುವ ಉಪಾಯ ಇರಬಹುದು.

ಕುದುರೆ, ಬೆಕ್ಕು, ಬೀಟ್‌ರೂಟ್

ಟಾಮೆನ್ ಒಮ್ಮೆ ಮಾತ್ರ ತಾನು ಅರಸ ಅಂತ ಗಟ್ಟಿಯಾಗಿ ಹೇಳುತ್ತಾನೆ. ಅವನ ಹೆಂಡತಿ ಮಾರ್ಜರಿ ಟೈರೆಲ್‌ಗೆ ಹದಿನಾರು ವರ್ಷ. ಹೌದು, ಎಂಟು ವರ್ಷದ ಹುಡುಗನಿಗೆ ಅಣ್ಣನ ವಿಧವೆಯನ್ನೇ ಕಟ್ಟಿದ್ದಾರೆ. ಟೈರೆಲ್ ಮನೆತನದ ದಂಡು, ಧಾನ್ಯ ಎರಡೂ ಸಿಂಹಾಸನಕ್ಕೆ ಬೇಕು. ಮಾರ್ಜರಿ ಅವನಿಗೆ ನೀನು ಅರಸ, ಸಭೆಗೆ ಹೋಗು, ಕಲಿ ಅಂತ ಹೇಳಿಕೊಡುತ್ತಾಳೆ. ಅದರಲ್ಲಿ ಅವಳ ಮನೆತನದ ಲಾಭವೂ ಇದೆ, ನಿಜ. ಆದರೆ ಹುಡುಗನಿಗೆ ಸಭೆಗೆ ಬಾ ಅಂತ ಕರೆದವರು ಬೇರೆ ಯಾರೂ ಇರಲಿಲ್ಲ ಎಂಬುದೂ ನಿಜ.

ಹಾಗೆ ಧೈರ್ಯ ತಂದುಕೊಂಡು ಅವನು ತಾಯಿಯ ಮುಂದೆ ಬೇಡಿಕೆ ಇಡುತ್ತಾನೆ. ಈಟಿಯಾಟ ಕಲಿಯಲು ಕುದುರೆ ಸಜ್ಜಾಗಬೇಕು, ಒಂದು ಬೆಕ್ಕಿನ ಮರಿ ಬೇಕು, ಬೀಟ್‌ರೂಟ್ ತಿನ್ನುವುದಿಲ್ಲ. ಏಳು ರಾಜ್ಯಗಳ ಒಡೆಯನ ಇಚ್ಛಾಶಕ್ತಿ ಇಷ್ಟೇ. ನಗು ಬರುತ್ತದೆ. ಮಾರ್ಟಿನ್ ನಗಿಸಲೆಂದೇ ಬರೆದಿದ್ದಾರೆ. ಆದರೆ ಮುಂದೇನಾಗುತ್ತದೆ?

ಅರಸನ ಮೈಗೆ ಯಾರೂ ಕೈ ಹಚ್ಚುವಂತಿಲ್ಲ. ಅದಕ್ಕಾಗಿ ಪೇಟ್ ಎಂಬ ಹುಡುಗನನ್ನು ಇಟ್ಟಿದ್ದಾರೆ. ಅರಸ ತಪ್ಪು ಮಾಡಿದರೆ ಪೆಟ್ಟು ತಿನ್ನುವುದು ಪೇಟ್. ಸರ್ಸಿ ಈ ಪದ್ಧತಿಗೆ ಒಂದು ತಿರುವು ಕೊಡುತ್ತಾಳೆ. ಪೇಟ್‌ಗೆ ರಕ್ತ ಬರುವವರೆಗೆ ಟಾಮೆನ್ ತನ್ನ ಕೈಯಾರೆ ಹೊಡೆಯಬೇಕು, ಒಲ್ಲೆ ಅಂದರೆ ಕೈಬರ್ನ್‌ನನ್ನು ಕರೆಸಿ ಪೇಟ್‌ನ ನಾಲಿಗೆ ಕತ್ತರಿಸಬೇಕು ಅಂತ ಅವಳ ಆಜ್ಞೆ.

ಇದನ್ನು ಮುದ್ರೆಯ ದೃಶ್ಯದ ಪಕ್ಕದಲ್ಲಿಟ್ಟು ಓದಿ. ಅಲ್ಲಿ ಹುಡುಗನ ಕೈಯನ್ನು ಕಾಗದಕ್ಕೆ ಬಳಸಿಕೊಂಡರು, ಇಲ್ಲಿ ಅದೇ ಕೈಯನ್ನು ಇನ್ನೊಂದು ಮಗುವಿನ ಮೈಗೆ ಬಳಸಿಕೊಳ್ಳುತ್ತಾರೆ. ಎರಡೂ ಕಡೆ ಕೈ ಅವನದು, ತೀರ್ಮಾನ ಬೇರೆಯವರದು. ವ್ಯತ್ಯಾಸ ಒಂದೇ. ಮುದ್ರೆ ಒತ್ತುವಾಗ ನೋವು ನೂರಾರು ಹರದಾರಿ ದೂರದಲ್ಲಿತ್ತು, ಅವನಿಗೆ ಕಾಣುತ್ತಿರಲಿಲ್ಲ. ಈಗ ಅದು ಕಣ್ಣೆದುರೇ ಇದೆ. ಅರಸುತನ ಅಂದರೆ ಏನೆಂದು ಆ ಮಗುವಿಗೆ ಸಿಕ್ಕಿದ ಏಕೈಕ ಪಾಠ ಬಹುಶಃ ಇದು. ಪಾಠ ಕಲಿಸಿದವಳು ಅವನನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುವ ತಾಯಿ.

ಸರ್ಸಿಯ ಭಯ

ಸರ್ಸಿಯನ್ನು ರಾಕ್ಷಸಿ ಅಂತ ತಳ್ಳಿಹಾಕಿದರೆ ಈ ಪಾತ್ರ ಅರ್ಥವಾಗುವುದಿಲ್ಲ. ಚಿಕ್ಕಂದಿನಲ್ಲಿ ಮ್ಯಾಗಿ ಎಂಬ ಕಣಿ ಹೇಳುವ ಮುದುಕಿ ಅವಳಿಗೆ ಭವಿಷ್ಯ ನುಡಿದಿದ್ದಳು. ನಿನಗೆ ಮೂವರು ಮಕ್ಕಳು, ಮೂವರಿಗೂ ಚಿನ್ನದ ಕಿರೀಟ, ಮೂವರಿಗೂ ಚಿನ್ನದ ಹೆಣವಸ್ತ್ರ. ನಿನಗಿಂತ ಎಳೆಯ, ಚೆಲುವೆಯಾದ ರಾಣಿಯೊಬ್ಬಳು ಬಂದು ಎಲ್ಲವನ್ನೂ ಕಸಿಯುತ್ತಾಳೆ ಎಂಬುದು ಅದರ ತಿರುಳು. ಮೊದಲ ಮಗ ಅವಳ ತೋಳಲ್ಲೇ ಸತ್ತಿದ್ದಾನೆ. ಟಾಮೆನ್‌ನ ಮದುವೆಯ ಊಟದಲ್ಲಿ ಹುಡುಗ ವೈನ್ ಗುಟುಕರಿಸಿ ಕೆಮ್ಮಿದಾಗ ಸರ್ಸಿ ಹುಚ್ಚೆದ್ದು ಓಡಿ ಬರುತ್ತಾಳೆ. ನೆತ್ತಿಗೆ ಹತ್ತಿದ್ದು ಅಷ್ಟೇ. ಸಭೆಯೆಲ್ಲ ಅವಳನ್ನೇ ನೋಡುತ್ತದೆ.

ಈ ಭಯವೇ ಅವಳ ಆಡಳಿತ. ವೆಸ್ಟರೋಸ್‌ನಲ್ಲಿ ಹದಿನಾರು ತುಂಬಿದರೆ ಪ್ರಾಯ. ಅಲ್ಲಿಯವರೆಗೆ ಅರಸನ ಪರವಾಗಿ ರಾಜಪ್ರತಿನಿಧಿ ಆಳುತ್ತಾರೆ, 'ರಾಜನ ಕೈ' ಎಂಬ ಪದವಿಯ ಪ್ರಧಾನಿ ಇರುತ್ತಾನೆ, ಕಿರುಸಭೆ ಇರುತ್ತದೆ. ಕೆವನ್ ಪ್ರಧಾನಿಯಾಗಲು ಒಪ್ಪುತ್ತಾನೆ, ಆದರೆ ನೀನು ತವರಿಗೆ ಹೋಗು, ಹುಡುಗನನ್ನು ನನಗೆ ಬಿಡು ಅನ್ನುತ್ತಾನೆ. ಸರ್ಸಿ ಅವನನ್ನು ದೂರ ಮಾಡಿ ಹೌದಪ್ಪಗಳನ್ನು ಸುತ್ತ ಕೂರಿಸಿಕೊಳ್ಳುತ್ತಾಳೆ. ಅರಸನ ಹೆಸರಿನಲ್ಲಿ ಎರಡು ದೊಡ್ಡ ನಿರ್ಧಾರಗಳಾಗುತ್ತವೆ. ಬ್ರಾವೋಸ್‌ನ ಐರನ್ ಬ್ಯಾಂಕಿನ ಸಾಲದ ಮರುಪಾವತಿಯನ್ನು ಮುಂದೂಡುವುದು ಒಂದು. ಇನ್ನೊಂದು, ಧರ್ಮಪೀಠಕ್ಕೆ ಕೊಡಬೇಕಾದ ಒಂಬತ್ತು ಲಕ್ಷಕ್ಕೂ ಮಿಕ್ಕಿದ ಚಿನ್ನದ ನಾಣ್ಯಗಳ ಸಾಲ ಮನ್ನಾ ಆಗಲೆಂದು, ಆ ಪೀಠಕ್ಕೆ ಮತ್ತೆ ಶಸ್ತ್ರ ಹಿಡಿಯುವ ಹಕ್ಕು ಕೊಡುವುದು. ಬ್ಯಾಂಕು ಸಾಲಗಳನ್ನೆಲ್ಲ ವಾಪಸು ಕೇಳುತ್ತದೆ. ಶಸ್ತ್ರ ಹಿಡಿದ ಧರ್ಮಪೀಠ ಸರ್ಸಿಯನ್ನೇ ಸೆರೆಗೆ ಹಾಕುತ್ತದೆ. ಮಗನನ್ನು ಉಳಿಸಿಕೊಳ್ಳಲು ಕಟ್ಟಿದ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಎರಡು ದೇಹಗಳ ಸಿದ್ಧಾಂತ

ಇನ್ನು ಸ್ವಲ್ಪ ಸಿದ್ಧಾಂತ. ಇತಿಹಾಸಕಾರ ಅರ್ನ್ಸ್ಟ್ ಕಾಂಟೊರೊವಿಚ್ 1957ರಲ್ಲಿ 'ದ ಕಿಂಗ್ಸ್ ಟೂ ಬಾಡೀಸ್' ಎಂಬ ಗ್ರಂಥ ಪ್ರಕಟಿಸಿದರು. ಅರಸನಿಗೆ ಎರಡು ದೇಹ ಎಂಬುದು ಅದರ ವಸ್ತು. ಒಂದು ನಮ್ಮ ನಿಮ್ಮಂತೆ ಹುಟ್ಟಿ, ಕಾಯಿಲೆ ಬಿದ್ದು, ಸಾಯುವ ದೇಹ. ಇನ್ನೊಂದು ರಾಜ್ಯವೆಂಬ ದೇಹ. ಅದಕ್ಕೆ ಬಾಲ್ಯವೂ ಇಲ್ಲ, ಮುಪ್ಪೂ ಇಲ್ಲ. ಇದು ಬರೀ ಕವಿಕಲ್ಪನೆ ಅಲ್ಲ. ಇಂಗ್ಲೆಂಡಿನ ಆರನೆಯ ಎಡ್ವರ್ಡ್ 1547ರಲ್ಲಿ ಒಂಬತ್ತು ವರ್ಷಕ್ಕೆ ಅರಸನಾದ. ಪ್ರಾಯಕ್ಕೆ ಬರುವ ಮೊದಲು ಅವನು ಮಾಡಿಕೊಟ್ಟ ಒಂದು ಭೂಮಿಯ ಗುತ್ತಿಗೆ ಸಿಂಧುವೋ ಅಲ್ಲವೋ ಎಂಬ ಪ್ರಶ್ನೆ ಎಲಿಜಬೆತ್ ಕಾಲದಲ್ಲಿ ನ್ಯಾಯಾಧೀಶರ ಮುಂದೆ ಬಂತು. ಸಿಂಧು ಅಂತ ಅವರು ತೀರ್ಮಾನಿಸಿದರು. ಯಾಕೆಂದರೆ ಹುಡುಗ ಎಳೆಯನಿರಬಹುದು, ಅರಸ ಎಂದೂ ಎಳೆಯನಲ್ಲ.

ಕಾನೂನಿನ ದೃಷ್ಟಿಯಿಂದ ಇದು ಜಾಣತನ. ಇಲ್ಲದಿದ್ದರೆ ಎಳೆಯ ಅರಸನ ಕಾಲದ ಎಲ್ಲ ಕಾಗದಗಳೂ ರದ್ದಾಗಬೇಕಿತ್ತು. ಆದರೆ ಟಾಮೆನ್‌ನ ಕಡೆಯಿಂದ ನೋಡಿದರೆ? ಮುದ್ರೆಯಲ್ಲಿರುವುದು ಎರಡನೆಯ ದೇಹ. ಬೀಟ್‌ರೂಟ್ ಬೇಡ ಅನ್ನುವುದು ಮೊದಲನೆಯ ದೇಹ. ಎರಡನೆಯದಕ್ಕೆ ಎಲ್ಲ ಅಧಿಕಾರ, ಮೊದಲನೆಯದಕ್ಕೆ ಒಂದು ತರಕಾರಿಯನ್ನು ಬೇಡ ಅನ್ನುವ ಅಧಿಕಾರವೂ ಇಲ್ಲ. ಕಾನೂನು ಇವೆರಡರ ನಡುವಿನ ಬಿರುಕನ್ನು ಮುಚ್ಚುತ್ತದೆ. ಕಾದಂಬರಿ ಅದನ್ನು ತೆರೆದು ತೋರಿಸುತ್ತದೆ.

ಇಂಗ್ಲೆಂಡಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ತಮ್ಮ ಕಥೆಗೆ 'ಗುಲಾಬಿಗಳ ಯುದ್ಧ'ದ ಪ್ರೇರಣೆ ಇದೆ ಅಂತ ಮಾರ್ಟಿನ್ ಹೇಳಿಕೊಂಡಿದ್ದಾರೆ. ಆ ಕಾಲದಲ್ಲಿ ಬಾಲರಾಜರ ಸಾಲೇ ಇದೆ. ಆರನೆಯ ಹೆನ್ರಿ 1422ರಲ್ಲಿ ಅರಸನಾದಾಗ ಒಂಬತ್ತು ತಿಂಗಳ ಕೂಸು. 1483ರಲ್ಲಿ ಹನ್ನೆರಡು ವರ್ಷದ ಐದನೆಯ ಎಡ್ವರ್ಡ್ ಪಟ್ಟಾಭಿಷೇಕ ಆಗುವ ಮೊದಲೇ ತಮ್ಮನ ಜೊತೆ ಲಂಡನ್ ಟವರ್ ಸೇರಿದ. ತಂದೆತಾಯಿಯ ಮದುವೆಯೇ ಸಿಂಧುವಲ್ಲ ಅಂತ ಸಾರಿ, ಚಿಕ್ಕಪ್ಪ ರಿಚರ್ಡ್ ಪಟ್ಟ ಏರಿದ. ಆ ಮಕ್ಕಳಿಬ್ಬರು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಮಗುವಿನ ಹುಟ್ಟನ್ನು ಪ್ರಶ್ನಿಸಿ ಪಟ್ಟ ಕೇಳುವ ಚಿಕ್ಕಪ್ಪ ಸ್ಟಾನಿಸ್‌ನಲ್ಲಿ ಈ ನೆರಳು ಇದೆ. ಆದರೆ ಮಾರ್ಟಿನ್ ಇಲ್ಲಿ ಒಂದು ಗಂಟು ಹಾಕಿದ್ದಾರೆ. ಸ್ಟಾನಿಸ್ ಹೇಳುವುದು ಸತ್ಯ. ಮಗು ನಿರಪರಾಧಿ, ಮಗುವಿನ ಹಕ್ಕು ಸುಳ್ಳು. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳುವುದು ಓದುಗರಿಗೆ ಬಿಟ್ಟದ್ದು.

ಒಳ್ಳೆಯ ಅರಸ ಯಾರು?

ಟಿವಿ ಸರಣಿ 'ಗೇಮ್ ಆಫ್ ಥ್ರೋನ್ಸ್' ನೋಡಿದವರು ನನ್ನನ್ನು ತಡೆಯಬಹುದು: ಟಾಮೆನ್ ಅಷ್ಟು ಚಿಕ್ಕವನಲ್ಲ ಅಲ್ವಾ ಅಂತ. ಅಲ್ಲಿ ನಾಲ್ಕನೆಯ ಸೀಸನ್‌ನಿಂದ ಡೀನ್ ಚಾರ್ಲ್ಸ್ ಚಾಪ್‌ಮನ್ ಆ ಪಾತ್ರ ಮಾಡಿದರು, ಹುಡುಗ ಹರೆಯದವನಾದ. 2014ರ ಒಂದು ಕಂತಿನಲ್ಲಿ ಜಾಫ್ರಿಯ ಹೆಣದ ಪಕ್ಕದಲ್ಲೇ ಟೈವಿನ್ ಪಾಠ ಮಾಡುತ್ತಾನೆ. ಒಳ್ಳೆಯ ಅರಸನಿಗೆ ಏನಿರಬೇಕು? ದೈವಭಕ್ತಿಯೇ, ನ್ಯಾಯವೇ, ಬಲವೇ? ಒಂದೊಂದಕ್ಕೂ ಕೆಟ್ಟುಹೋದ ಹಳೆಯ ಅರಸರ ಉದಾಹರಣೆ ಕೊಟ್ಟು ತಳ್ಳಿಹಾಕಿ, ಕೊನೆಗೆ ವಿವೇಕ ಎಂಬ ಉತ್ತರಕ್ಕೆ ತರುತ್ತಾನೆ. ವಿವೇಕ ಅಂದ್ರೆ ಹಿರಿಯರ ಮಾತು ಕೇಳುವುದು. ಹಿರಿಯರು ಅಂದ್ರೆ ಟೈವಿನ್. ಪುಸ್ತಕದಲ್ಲಿ ಇಲ್ಲದ ಈ ದೃಶ್ಯ ಪುಸ್ತಕದ ಮುದ್ರೆಯ ದೃಶ್ಯದ ಕೆಲಸವನ್ನೇ ಮಾಡುತ್ತದೆ.

2016ರಲ್ಲಿ ಬಂದ ಆರನೆಯ ಸೀಸನ್ನಿನ ಕೊನೆಯ ಕಂತಿನಲ್ಲಿ ಸರ್ಸಿ ದೇಗುಲವನ್ನೇ ಸಿಡಿಸಿ ಮಾರ್ಜರಿಯನ್ನು ಕೊಲ್ಲಿಸಿದಾಗ ಟಾಮೆನ್ ಕಿರೀಟ ತೆಗೆದಿಟ್ಟು ಕಿಟಕಿಯಿಂದ ಹಾರಿಬಿಡುತ್ತಾನೆ. ಆ ಪಾತ್ರ ಸ್ವಂತ ನಿರ್ಧಾರದಿಂದ, ಯಾರನ್ನೂ ಕೇಳದೆ ಮಾಡಿದ ಕೆಲಸ ಅದೊಂದೇ ಅನ್ನುವಂತಿದೆ. ಪುಸ್ತಕದಲ್ಲಿ ಇನ್ನೂ ಹಾಗಾಗಿಲ್ಲ. ಐದನೆಯ ಪುಸ್ತಕ 'ಎ ಡಾನ್ಸ್ ವಿತ್ ಡ್ರ್ಯಾಗನ್ಸ್' ಮುಗಿಯುವಾಗ ಟಾಮೆನ್ ಬದುಕಿದ್ದಾನೆ.

ಆ ಪುಸ್ತಕದ ಉಪಸಂಹಾರವೇ ನನ್ನ ಕೊನೆಯ ಉದಾಹರಣೆ. ಕೆವನ್ ಈಗ ರಾಜಪ್ರತಿನಿಧಿ. ಸರ್ಸಿ ಮತ್ತು ಟಾಮೆನ್ ಜೊತೆ ಊಟಕ್ಕೆ ಕೂತಿದ್ದಾನೆ. ಟಾಮೆನ್ ತನ್ನ ಬೆಕ್ಕು ಸರ್ ಪೌನ್ಸ್‌ನ ಪರಾಕ್ರಮ ಹೇಳುತ್ತಾನೆ. ಮಾರ್ಜರಿ ಕೊಟ್ಟ ಮೂರು ಮರಿಗಳಲ್ಲಿ ಅದೊಂದು. ಮನೆಯ ಊಟ ಹೇಗಿರಬೇಕೋ ಹಾಗಿದೆ. ಅದೇ ರಾತ್ರಿ ವೇರಿಸ್ ಬಿಲ್ಲಿನಿಂದ ಕೆವನ್‌ನನ್ನು ಹೊಡೆಯುತ್ತಾನೆ. ಕಾರಣವನ್ನೂ ಹೇಳುತ್ತಾನೆ: ನೀನು ಒಳ್ಳೆಯದಾಗಿ ಆಳುತ್ತಿದ್ದೀಯ, ಅದು ಬೇರೊಬ್ಬ ಅರಸನ ದಾರಿಗೆ ಅಡ್ಡ. ಆ ಬೇರೊಬ್ಬ ಏಗಾನ್ ಎಂಬ ಯುವಕ. ಮೀನು ಹಿಡಿಯಲು, ಅಡುಗೆ ಮಾಡಲು, ಗಾಯಕ್ಕೆ ಪಟ್ಟಿ ಕಟ್ಟಲು ಕಲಿತವನು, ಹಸಿವು ಗೊತ್ತಿರುವವನು, ಅರಸುತನ ಹಕ್ಕಲ್ಲ ಕರ್ತವ್ಯ ಎಂದು ತಿಳಿದವನು ಅಂತ ವೇರಿಸ್ ವರ್ಣಿಸುತ್ತಾನೆ.

ಕೇಳಲು ಎಷ್ಟು ಚೆಂದ! ಹಲವು ಓದುಗರು ಈ ಭಾಷಣಕ್ಕೆ ತಲೆದೂಗುತ್ತಾರೆ. ಆದರೆ ಮಾತು ಮುಗಿದ ಕೂಡಲೇ ಕತ್ತಲಿನಿಂದ ಹೊರಬರುವವರು ಯಾರು? ಕೈಯಲ್ಲಿ ಕಠಾರಿ ಹಿಡಿದ ಮಕ್ಕಳು, ವೇರಿಸ್‌ನ 'ಪುಟ್ಟ ಹಕ್ಕಿಗಳು'. ಅವರ ನಾಲಿಗೆ ಕತ್ತರಿಸಿರುತ್ತಾರೆ ಎಂಬ ಸೂಚನೆ ಮೊದಲ ಪುಸ್ತಕದಲ್ಲೇ ಇದೆ. ಕೆವನ್‌ನನ್ನು ಮುಗಿಸುವ ಕೆಲಸ ಆ ಮಕ್ಕಳದ್ದು. ಆದರ್ಶ ಅರಸನನ್ನು ತರಲು ಹೊರಟವನೂ ಮಕ್ಕಳ ಕೈಯನ್ನೇ ಬಳಸುತ್ತಾನೆ. ಮುದ್ರೆ ಹಿಡಿದ ಟಾಮೆನ್, ಬೆನ್ನೊಡ್ಡಿದ ಪೇಟ್, ಕಠಾರಿ ಹಿಡಿದ ಮೂಕ ಮಕ್ಕಳು. ಒಬ್ಬನಿಗೆ ಕಿರೀಟ ಇದೆ, ಉಳಿದವರಿಗೆ ಇಲ್ಲ. ಮಾತು ಯಾರಿಗೂ ಇಲ್ಲ. ಒಳ್ಳೆಯ ಅರಸ ಯಾರು ಎಂಬ ಪ್ರಶ್ನೆಗೆ ಸರಣಿ ಹೆಸರು ಹಿಡಿದು ಉತ್ತರ ಕೊಡುವುದಿಲ್ಲ. ಆದರೆ ಇನ್ನೊಂದು ಪ್ರಶ್ನೆಯನ್ನು ಅದರ ಜಾಗದಲ್ಲಿ ಇಡುತ್ತದೆ: ಆ ಅರಸನನ್ನು ತರುವ ಕೆಲಸ ಯಾವ ಮಗುವಿನ ಕೈಯಿಂದ ಆಗುತ್ತಿದೆ? ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ.

ಸಂವಾದ

ಪ್ರಶ್ನೆ: ನಮ್ಮ ಸಾಹಿತ್ಯದಲ್ಲಿ ಇದಕ್ಕೆ ಹತ್ತಿರದ ಕಥೆ ಇದೆಯೇ?

ಉತ್ತರ: ಚಂದ್ರಹಾಸನ ಕಥೆ ಇದೆ. ಲಕ್ಷ್ಮೀಶನ ಜೈಮಿನಿ ಭಾರತದಿಂದ ಯಕ್ಷಗಾನದವರೆಗೆ ನಮಗೆಲ್ಲ ಗೊತ್ತಿರುವುದೇ. ಚಂದ್ರಹಾಸ ಕೇರಳದ ಅರಸನ ಮಗ ಎಂಬುದು ನಮ್ಮ ಕಾಸರಗೋಡಿನವರಿಗೆ ಸ್ವಾರಸ್ಯ. ರಾಜ್ಯ ಹೋದ ಬಾಲಕ, ಅಧಿಕಾರ ಹಿಡಿದ ಮಂತ್ರಿ ದುಷ್ಟಬುದ್ಧಿ, ಮೊಹರಾದ ಪತ್ರ, ವಿಷ. ಎಲ್ಲವೂ ಇವೆ. ಆದರೆ ಅಲ್ಲಿ ವಿಷಯೆ ಪತ್ರ ಒಡೆದು ಓದುತ್ತಾಳೆ, 'ವಿಷ' ಎಂಬುದನ್ನು 'ವಿಷಯೆ' ಮಾಡುತ್ತಾಳೆ, ಹುಡುಗ ಉಳಿಯುತ್ತಾನೆ. ಪತ್ರ ಹೊತ್ತವನಿಗೆ ಒಳಗಿದ್ದದ್ದು ಗೊತ್ತಿಲ್ಲ, ಟಾಮೆನ್ ಹಾಗೆಯೇ. ವ್ಯತ್ಯಾಸ ಏನೆಂದರೆ ವೆಸ್ಟರೋಸ್‌ನಲ್ಲಿ ಪತ್ರ ಒಡೆದು ಓದುವ ವಿಷಯೆ ಇಲ್ಲ. ಮಾರ್ಜರಿ ಆ ಜಾಗಕ್ಕೆ ಬರಲು ನೋಡಿದಳು, ಬಿಡಲಿಲ್ಲ.

ಪ್ರಶ್ನೆ: ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ ಬಾಲರಾಜರೇ ಅಲ್ಲವೇ?

ಉತ್ತರ: ಹೌದು ಸರ್. 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರು ಪಟ್ಟ ಕಟ್ಟಿದಾಗ ಅವರಿಗೆ ಐದು ವರ್ಷ. ಆಡಳಿತ ನಡೆಸಿದ್ದು ದಿವಾನ್ ಪೂರ್ಣಯ್ಯ. ಅರಸರು ದೊಡ್ಡವರಾಗಿ ಆಡಳಿತ ವಹಿಸಿಕೊಂಡರು, 1831ರಲ್ಲಿ ಬ್ರಿಟಿಷರು ಅದನ್ನು ತಾವೇ ತೆಗೆದುಕೊಂಡರು. ಕಾದಂಬರಿಗೂ ಇದಕ್ಕೂ ನೇರ ಸಂಬಂಧ ಇಲ್ಲ, ಬಲವಂತವಾಗಿ ಹೋಲಿಸುವುದು ಬೇಡ. ಆದರೆ ಎಳೆಯ ಅರಸ ಬೆಳೆದ ಮೇಲೆ ಏನಾಗುತ್ತಾನೆ ಎಂಬ ಪ್ರಶ್ನೆಯನ್ನು ಮಾರ್ಟಿನ್ ಕೂಡ ಕೇಳಿದ್ದಾರೆ. 2018ರ 'ಫೈರ್ ಅಂಡ್ ಬ್ಲಡ್' ಪುಸ್ತಕದಲ್ಲಿ ಹತ್ತು ವರ್ಷಕ್ಕೆ ಪಟ್ಟಕ್ಕೆ ಬಂದ ಮೂರನೆಯ ಏಗಾನ್, ಹದಿನಾರು ತುಂಬಿದ ದಿನವೇ ರಾಜಪ್ರತಿನಿಧಿಗಳನ್ನೆಲ್ಲ ಮನೆಗೆ ಕಳಿಸುತ್ತಾನೆ. ಟಾಮೆನ್‌ಗೆ ಆ ದಿನ ಬರುತ್ತದೆ ಅಂತ ನನಗೆ ಅನಿಸುವುದಿಲ್ಲ.

ಪ್ರಶ್ನೆ: ಗಡಿನಾಡಿನ ಓದುಗರಾಗಿ ನಿಮಗೆ ಈ ಮುದ್ರೆಯ ದೃಶ್ಯವೇ ಯಾಕೆ ನಾಟಿತು?

ಉತ್ತರ: ಈ ಪ್ರಶ್ನೆ ಬರಬಹುದು ಅಂದುಕೊಂಡಿದ್ದೆ. ಉತ್ತರ ಸರಳ ಮೇಡಂ. ರಿವರ್‌ರನ್ ಜನ ಬೆಳಗ್ಗೆ ಎದ್ದಾಗ ಅವರ ಊರು ಬೇರೆಯವರದಾಗಿತ್ತು. ಅವರು ಎಲ್ಲಿಗೂ ಹೋಗಿರಲಿಲ್ಲ. ಎಲ್ಲೋ ದೂರದ ಕೋಣೆಯಲ್ಲಿ ಒಂದು ಕಾಗದಕ್ಕೆ ಮುದ್ರೆ ಬಿದ್ದಿತ್ತು, ಅಷ್ಟೇ. 1956ರ ನವೆಂಬರ್ 1ರ ಬಗ್ಗೆ ನಮ್ಮ ಮನೆಗಳಲ್ಲಿ ಹಿರಿಯರು ಆಡುವ ಮಾತು ಹೆಚ್ಚುಕಡಿಮೆ ಇದೇ ಧಾಟಿಯದು. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅದು ಯುದ್ಧ, ಸುಲಿಗೆ. ಇದು ಪ್ರಜಾಪ್ರಭುತ್ವದಲ್ಲಿ ಸಂಸತ್ತು ಮಾಡಿದ ಕಾಯ್ದೆ. ಆದರೆ ಕಾಗದದ ಆ ತುದಿಯಲ್ಲಿ ಇರುವವರಿಗೆ ಈ ತುದಿ ಕಾಣುವುದಿಲ್ಲ ಎಂಬುದು ನಮಗೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಅದಕ್ಕೇ ಇರಬೇಕು, ಆ ಪುಟ ದಾಟಲಿಕ್ಕೆ ಆಗಲಿಲ್ಲ.